ಇಟಲಿ ಬಾಟ್ಲಿ, ನಮ್ಮೂರ ಕರಿದ್ರಾಕ್ಷಿ

ಫೆಬ್ರವರೀಲಿ ನಮ್ಮನೆಗೆ ಇಟಲಿಯವನೊಬ್ಬ ಊಟಕ್ಕೆ ಬಂದಿದ್ದ ಅನ್ನೋದು ಕೆಳಗಡೆ ಮನೆ ಅತ್ತಿಗೆಯಿಂದ ಹಿಡಿದು ಹಾಲಿನ ಬೂತಿನ ಅಕ್ಕನವರೆಗೂ ಎಲ್ರಿಗೂ ಗೊತ್ತಾಗೋಗಿದೆ. "ವೈನ್ ಇಟ್ರಂತೆ, ಹೌದೇನ್ರೀ?" ಅಂತ ಕೇಳಿದವರೇ ನಾಲ್ಕು ಜನ. ಹೌದು, ಇಟ್ವಿ. ಒಬ್ಬೊಬ್ಬರಿಗೂ ಬಾಗಿಲಲ್ಲಿ ನಿಂತು ಹೇಳೋದಕ್ಕಿಂತ ಒಂದೇ ಸಲ ಬರೆದುಬಿಡೋದು ವಾಸಿ ಅಂತ ಕೂತಿದ್ದೀನಿ. ಬಾಟ್ಲಿ ಕತೆ ಬರೀತಾ ಬರೀತಾ ನಮ್ಮ ತವರಿನ ಕತೆ ಬಂತು, ಅದಕ್ಕೆ ಸ್ವಲ್ಪ ಉದ್ದ ಆಯ್ತು. ಸಾರಿಗೆ ಒಗ್ಗರಣೆ ಹಾಕಿ ಬಂದು ಓದ್ಕೊಳಿ.

ಆಗಿದ್ದಿಷ್ಟು. ನನ್ನ ಮಗಳ ಆಫೀಸು ವೈಟ್‌ಫೀಲ್ಡಲ್ಲಿ. ಅವಳ ಜೊತೆ ಕೆಲಸ ಮಾಡೋನು ಮೂರು ವಾರಕ್ಕೆ ಅಂತ ಇಟಲಿಯಿಂದ ಬಂದಿದ್ದ. ಹೋಟ್ಲು ಊಟ ತಿಂದು ಸಾಕಾಗಿದೆ ಅಂದನಂತೆ, ಇವಳು ಪೀಣ್ಯದ ನಮ್ಮನೆಗೆ ಕರೆದೇಬಿಟ್ಟಳು. ಕರೆದಾದ ಮೇಲೆ ನನಗೆ ಹೇಳಿದ್ದು, "ಅಮ್ಮಾ, ಅವರ ಕಡೆ ಊಟದ ಜೊತೆ ಒಂದು ಲೋಟ ವೈನ್ ಇಡೋದು ನಮ್ಮಲ್ಲಿ ಮಜ್ಜಿಗೆ ಇಟ್ಟಂಗೆ. ಒಂದು ಒಳ್ಳೇ ಸ್ಟ್ರಾಂಗ್ ಇಟಾಲಿಯನ್ ರೆಡ್ ತರೋಣ." ಇಟಲಿಯವನಿಗೆ ಇಟಲಿ ವೈನ್ ಕೊಡೋದು ಅಂದ್ರೆ ಮೈಸೂರಿನವರ ಮನೆಗೆ ಮೈಸೂರ್‌ಪಾಕ್ ಹಿಡ್ಕೊಂಡು ಹೋದಂಗೆ ಅಂದೆ. ಕೇಳಲಿಲ್ಲ.

ಅಂಗಡೀಲಿ ನನಗೆ ಮೊದಲು ಆದದ್ದು ಗಾಬರಿ. ಗೋಡೆ ತುಂಬ ಬಾಟ್ಲಿ. ಆಮೇಲೆ ಅಲ್ಲಿದ್ದ ಹುಡುಗ ತಾಳ್ಮೆಯಿಂದ ಬಿಡಿಸಿ ಹೇಳಿದ, ಅಷ್ಟೇನೂ ಕಷ್ಟ ಇಲ್ಲ. ಇಟಲಿ ಬಾಟ್ಲಿ ಮೇಲೆ ಕೆಲವು ಸಲ ದ್ರಾಕ್ಷಿ ಹೆಸರಿರುತ್ತೆ, ಕೆಲವು ಸಲ ಊರಿನ ಹೆಸರು. ಕಿಯಾಂಟಿ ಅನ್ನೋದು ಜಾಗ, ಅದರೊಳಗಿರೋ ದ್ರಾಕ್ಷಿ ಸಾಂಜೋವೇಸೆ. ಬರೋಲೊ ಅನ್ನೋದು ಊರು, ಅದರ ದ್ರಾಕ್ಷಿ ನೆಬ್ಬಿಯೋಲೊ. ಮೊಂಟೆಪುಲ್ಚಾನೊ ಅಂತೂ ತಲೆ ಕೆಡಿಸೋ ಹೆಸರು. ಅಬ್ರುಝೋ ಸೀಮೆಯ ಬಾಟ್ಲಿ ಮೇಲಿದ್ರೆ ಅದು ದ್ರಾಕ್ಷಿ ಹೆಸರು, ಟಸ್ಕನಿಯ ಬಾಟ್ಲಿ ಮೇಲಿದ್ರೆ ಊರಿನ ಹೆಸರು, ಒಳಗಿರೋದು ಅದೇ ಸಾಂಜೋವೇಸೆ. ಕತ್ತಿನ ಹತ್ರ ಡಿಓಸಿಜಿ ಅಂತ ಒಂದು ಕಾಗದದ ಪಟ್ಟಿ ಅಂಟಿಸಿರ್ತಾರೆ. ಇಂಥ ಸೀಮೆಯಲ್ಲಿ, ಇಂಥ ದ್ರಾಕ್ಷಿಯಿಂದ, ಇಂಥ ಕಟ್ಟುಪಾಡಲ್ಲೇ ಮಾಡಿದ್ದು ಅಂತ ಸರ್ಕಾರದ ಮುದ್ರೆ. ನಮ್ಮ ನಂಜನಗೂಡು ರಸಬಾಳೆಗೆ ಜಿಐ ಅಂತ ಕೊಟ್ಟಿದ್ದಾರಲ್ಲ, ಅದೇ ಜಾತಿಯದು, ಇನ್ನೂ ಬಿಗಿ.

ಸ್ಟ್ರಾಂಗ್ ಅಂತ ಮಗಳು ಅಂದಿದ್ದು ಅಮಲಿಗಲ್ಲ. ಆ ಜನ ಹಂಗನ್ನೋದು ಒಗರಿಗೆ. ನೆಲ್ಲಿಕಾಯಿ ಕಚ್ಚಿದಾಗ ನಾಲಿಗೆ ಹಿಡಿಯುತ್ತಲ್ಲ, ಆ ಒಗರು. ದ್ರಾಕ್ಷಿ ಸಿಪ್ಪೆಯಿಂದ, ಬೀಜದಿಂದ ಅದು ಬರುತ್ತೆ, ಕೆಂಪು ಬಣ್ಣಾನೂ ಸಿಪ್ಪೆಯದ್ದೇ. ನೆಬ್ಬಿಯೋಲೊ ತುಂಬ ಒಗರು, ರೇಟೂ ಕೈಗೆಟುಕೋದಲ್ಲ. ದಕ್ಷಿಣದ ಅಲ್ಯಾನಿಕೊ ಕೂಡ ಹಂಗೇ ಗಟ್ಟಿ. ಪ್ರಿಮಿತಿವೊ ಮಾಗಿದ ಹಣ್ಣಿನ ಸಿಹಿವಾಸನೆಯದು. ಸಾಂಜೋವೇಸೇಲಿ ಹುಳಿ ಜಾಸ್ತಿ, ಅದಕ್ಕೇ ಅವರು ಟೊಮೇಟೊ ಹಾಕಿದ ಅಡುಗೆ ಜೊತೆ ಕುಡೀತಾರೆ. ನನಗೆ ಇದು ತಕ್ಷಣ ಅರ್ಥ ಆಯ್ತು. ಹುಳಿ ಸಾರಿಗೆ ಹುಳಿಯೇ ಜೊತೆ. ಆದ್ರೆ ನಮ್ಮ ಅಡುಗೆಗೆ ಇನ್ನೊಂದು ಮಾತಿದೆ. ಖಾರ ತಿಂದ ಬಾಯಿಗೆ ತೀರಾ ಒಗರಿನ ವೈನ್ ಬಿದ್ರೆ ಖಾರ ಎರಡರಷ್ಟಾಗುತ್ತೆ. ನಾಟಿಕೋಳಿ ಸಾರು ಮಾಡೋ ಮನೇಲಿ ಎಲ್ಲಕ್ಕಿಂತ ಗಟ್ಟಿ ಬಾಟ್ಲಿ ತರೋದು ದಂಡ.

ಇಲ್ಲೊಂದು ವಿಷಯ ಗೊತ್ತಾಯ್ತು. ಇಟಲಿ ದ್ರಾಕ್ಷಿ ಬೇಕಾದ್ರೆ ಇಟಲಿ ಬಾಟ್ಲಿಯೇ ಬೇಕು ಅಂತೇನಿಲ್ಲ. ಸೊಲ್ಲಾಪುರ ಜಿಲ್ಲೆ ಅಕ್ಲೂಜ್ ಕಡೆ ಫ್ರಾಟೆಲ್ಲಿ ಅನ್ನೋರು ಇಟಲಿಯವರ ಜೊತೆ ಸೇರಿ ಸಾಂಜೋವೇಸೆ ಬೆಳೀತಾರೆ. ನಮ್ಮಲ್ಲೇ ಹಂಪಿ ಕಡೆಯ ಗುಡ್ಡದಲ್ಲಿ ಕೃಷ್ಮಾ ಅನ್ನೋ ತೋಟದವರೂ ಅದನ್ನೇ ಬೆಳೆದು ವೈನ್ ಮಾಡ್ತಾರೆ. ಬಿಸಿಲಿಗೆ ಕಲ್ಲು ಕಾಯೋ ಊರಲ್ಲಿ ಇಟಲಿ ಬಳ್ಳಿ! ಹೊರದೇಶದ ವೈನಿಗೆ 150 ಪರ್ಸೆಂಟ್ ಆಮದು ಸುಂಕ ಹಾಕ್ತಾ ಬಂದಿದ್ದಾರೆ, ಅದರ ಮೇಲೆ ರಾಜ್ಯದ ತೆರಿಗೆ ಬೇರೆ. ಅಲ್ಲಿ ಸಾಮಾನ್ಯದವರು ದಿನಾ ಕುಡಿಯೋ ಬಾಟ್ಲಿ ಇಲ್ಲಿ ಬರೋ ಹೊತ್ತಿಗೆ ದೊಡ್ಡಸ್ತಿಕೆ ಆಗಿರುತ್ತೆ. ನನ್ನ ಕೇಳಿದ್ರೆ ಹಂಪಿಯದ್ದೋ ಅಕ್ಲೂಜಿಂದೋ ತಗೊಳ್ಳೋದೇ ಸರಿ. ಮಗಳು ಅಬ್ರುಝೋದ ಮೊಂಟೆಪುಲ್ಚಾನೊ ತಗೊಂಡಳು. ಬಣ್ಣ ಗಾಢ, ಒಗರು ಹದ, ಇಟಲಿಯವುಗಳಲ್ಲಿ ರೇಟೂ ಕಮ್ಮಿ ಅಂತ. ಆಗಲಿ, ದುಡ್ಡು ಅವಳದ್ದು.

ಅಲ್ಲಿಂದ ವಾಪಸ್ ಬರ್ತಾ ವೈಟ್‌ಫೀಲ್ಡಲ್ಲೇ ನನ್ನ ಹಳೇ ಗೆಳತಿ ಮನೆಗೆ ಹೋದ್ವಿ. ಪೀಣ್ಯದ ಫ್ಯಾಕ್ಟರೀಲಿ ನಾವಿಬ್ರೂ ಒಂದೇ ಬೆಂಚಲ್ಲಿ ಹನ್ನೊಂದು ವರ್ಷ ಕೂತು ಕೆಲಸ ಮಾಡಿದೋರು. ಅವಳು ಆಂಗ್ಲೋ ಇಂಡಿಯನ್ ಮನೆತನದವಳು. ವೈಟ್‌ಫೀಲ್ಡ್ ಅಂದ್ರೆ ಈಗ ಐಟಿ, ಟ್ರಾಫಿಕ್ಕು ಅಷ್ಟೇ ಅಂದ್ಕೊಂಡಿದ್ದೀವಿ. ಅದು ಹುಟ್ಟಿದ್ದು ಬೇಸಾಯದ ಊರಾಗಿ. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ರು, ಸಂಘ ಕಟ್ಟಿದ ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ಅನ್ನೋರ ಹೆಸರು ಊರಿಗೆ ಬಂತು. ಹಣ್ಣು ತರಕಾರಿ ಬೆಳೆದು ಬಾಳಲಿ ಅನ್ನೋದು ಆಸೆ. ಆ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ವೈನ್ ಮಾಡ್ತಾರಲ್ಲ, ಅದು ಇಟಲಿ ದ್ರಾಕ್ಷಿಯಿಂದಲೂ ಅಲ್ಲ, ಫ್ರಾನ್ಸ್ ದ್ರಾಕ್ಷಿಯಿಂದಲೂ ಅಲ್ಲ. ನಮ್ಮ ತಳ್ಳುಗಾಡಿ ಕರಿದ್ರಾಕ್ಷಿಯಿಂದ. ತೊಳೆದು ಒರೆಸಿ ಹಿಸುಕಿ, ಉಪ್ಪಿನಕಾಯಿ ಜಾಡಿಗೆ ಹಾಕಿ, ಸಕ್ಕರೆ, ಯೀಸ್ಟು, ಒಂದು ಹಿಡಿ ಗೋಧಿ, ಮೇಲೆ ಬಟ್ಟೆ ಕಟ್ಟಿ ದಿನಾ ಮರದ ಸೌಟಲ್ಲಿ ತಿರುವೋದು. ಗೆಳತಿ ಬಾಟ್ಲಿ ತಿರುಗಿಸಿ ನೋಡಿ, "ಫ್ರಿಜ್ಜಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಕೊಡು, ನಮ್ಮ ಸೆಕೆಗೆ ಹಂಗೇ ಕೊಟ್ರೆ ಬರೀ ಘಾಟು. ಉಳಿದ್ರೆ ಬಿರಡೆ ಹಾಕಿ ಫ್ರಿಜ್ಜಲ್ಲಿಡು, ಮೂರ್ನಾಲ್ಕು ದಿನದಲ್ಲಿ ಮುಗಿಸಬೇಕು" ಅಂದಳು. ಇದು ಎಲ್ಲಾ ಕೆಂಪು ವೈನಿಗೂ ಸಲ್ಲೋ ಮಾತು, ಬರೆದಿಟ್ಕೊಳಿ.

ಮನೇಲಿ ನಿಜವಾದ ತೊಂದರೆ ಬೇರೇನೇ ಇತ್ತು. ನಮ್ಮಮ್ಮ. ಎಪ್ಪತ್ತೆಂಟು ವರ್ಷ, ನನ್ನ ಜೊತೇಲೇ ಇದ್ದಾಳೆ. ಬಾಟ್ಲಿ ನೋಡಿದ್ದೇ ಎದ್ದು ಒಳಕೋಣೆಗೆ ಹೋಗಿ ಕೂತಳು. "ಈ ಮನೇಗೂ ಬಂತಾ ಇದು" ಅಂದಳು, ಅಷ್ಟೇ. ನಮ್ಮ ಚಿಕ್ಕಪ್ಪ ಪ್ಯಾಕೆಟ್ ಸಾರಾಯಿ ಕುಡಿದೇ ನಲವತ್ತೊಂದಕ್ಕೆ ಹೋದವರು. ಚಿಕ್ಕಮ್ಮನ ತಾಳಿ ಎರಡು ಸಲ ಅಡ ಇಟ್ಟಿದ್ದು, ಎರಡು ಸಲಾನೂ ಬಿಡಿಸ್ಕೊಂಡು ಬಂದಿದ್ದು ನಮ್ಮಮ್ಮನೇ, ದ್ರಾಕ್ಷಿ ದುಡ್ಡಲ್ಲಿ. ಅಂಥವಳಿಗೆ ಇಟಲಿ, ಮಜ್ಜಿಗೆ ಅಂತ ಹೇಳೋಕೆ ಹೋಗಬಾರದು. ನಾನೂ ಹೇಳಲಿಲ್ಲ.

ಆ ಹುಡುಗ ಬಂದ, ಕೈ ಮುಗಿದ, ಚೆನ್ನಾಗಿ ತಿಂದ. ಮುದ್ದೆ ನುಂಗೋದು ಬರಲಿಲ್ಲ, ಹಿತ್ಕಿದವರೆ ಸಾರು ಎರಡು ಸಲ ಹಾಕಿಸ್ಕೊಂಡ. ವೈನ್ ಒಂದು ಲೋಟ ಕುಡಿದು, ಚೆನ್ನಾಗಿದೆ ಅಂದ, ಮುಗೀತು. ಅಷ್ಟು ದುಡ್ಡು ಕೊಟ್ಟು ತಂದ ಬಾಟ್ಲಿಗೆ ಅವನು ಕೊಟ್ಟ ಮರ್ಯಾದೆ ಅಷ್ಟೇ. ಊಟ ಆದ ಮೇಲೆ ನಾನು ಸ್ಟೀಲ್ ತಟ್ಟೇಲಿ ಕರಿದ್ರಾಕ್ಷಿ ತಂದಿಟ್ಟೆ. ಅಣ್ಣ ಹಿಂದಿನ ದಿನ ದೇವನಹಳ್ಳಿ ಕಡೆಯಿಂದ ಕಳಿಸಿದ್ದು. ಒಂದು ಹಣ್ಣು ಬಾಯಿಗೆ ಹಾಕ್ಕೊಂಡ, ನಿಂತೇಬಿಟ್ಟ. ಇನ್ನೊಂದು ತಗೊಂಡು ಮೂಸಿದ. ಆಮೇಲೆ ಬೆರಳಲ್ಲಿ ಒತ್ತಿ ತಿರುಳನ್ನ ಪುಳಕ್ ಅಂತ ಬಾಯಿಗೆ ಹಾರಿಸಿ ಸಿಪ್ಪೆ ಕೈಲಿ ಉಳಿಸ್ಕೊಂಡ, ಥೇಟ್ ನಾವು ಚಿಕ್ಕವರಿದ್ದಾಗ ತಿಂತಿದ್ದಂಗೆ, ಅವರೆಕಾಳು ಹಿತುಕಿದಂಗೆ. "ಫ್ರಾಗೊಲಾ" ಅಂದ. ಅವರಜ್ಜಿ ಮನೆ ಹಿತ್ತಲ ಚಪ್ಪರದಲ್ಲಿ ಇದೇ ಹಣ್ಣಂತೆ. ಊವಾ ಫ್ರಾಗೊಲಾ, ಅಂದ್ರೆ ಸ್ಟ್ರಾಬೆರಿ ದ್ರಾಕ್ಷಿ. ಅದರಿಂದ ಅಜ್ಜಿ ಮನೇಲೇ ಫ್ರಾಗೊಲೀನೊ ಅನ್ನೋ ವೈನ್ ಮಾಡ್ತಿದ್ರಂತೆ.

ಅವನು ಹೋದ ಮೇಲೆ ಒಂದು ವಾರ ನಾನೂ ಮಗಳೂ ಇದನ್ನೇ ಹುಡುಕಿ ಹುಡುಕಿ ಓದಿದ್ವಿ. ಅವನು ಹೇಳಿದ್ದು ನಿಜ. ನಾವು ಬೆಂಗಳೂರ್ ಬ್ಲೂ ಅನ್ನೋ ಹಣ್ಣೂ ಅವರ ಫ್ರಾಗೊಲಾನೂ ಒಂದೇ ಬಳ್ಳಿ, ಅದರ ಹುಟ್ಟುಹೆಸರು ಇಸಬೆಲ್ಲ. ಅದರ ತವರು ಇಟಲಿಯೂ ಅಲ್ಲ, ಬೆಂಗಳೂರೂ ಅಲ್ಲ, ಅಮೇರಿಕ. ನ್ಯೂಯಾರ್ಕ್ ಪಕ್ಕದ ಬ್ರೂಕ್ಲಿನ್ನಲ್ಲಿ ಇಸಬೆಲ್ಲ ಗಿಬ್ಸ್ ಅನ್ನೋ ಯಮ್ಮ ತನ್ನ ಮನೆ ಕೈತೋಟದಲ್ಲಿ ಈ ಬಳ್ಳಿ ಬೆಳೆಸಿದ್ದಳು. 1816ರಲ್ಲಿ ವಿಲಿಯಂ ಪ್ರಿನ್ಸ್ ಅನ್ನೋ ನರ್ಸರಿಯವನು ಅದನ್ನ ತಗೊಂಡು ಹೋಗಿ, ಅವಳ ಹೆಸರೇ ಇಟ್ಟು ಮಾರಿದ. ಅಂದ್ರೆ ಈ ಹಣ್ಣು ದೊಡ್ಡ ತೋಟದ್ದಲ್ಲ, ಒಬ್ಬ ಗೃಹಿಣಿ ಹಿತ್ತಲದ್ದು.

ಅಮೇರಿಕದ ಬಳ್ಳಿಗಳು ಯೂರೋಪಿಗೆ ಹೋದಾಗ ಬೇರಿಗೆ ಬೀಳೋ ಒಂದು ಹುಳಾನೂ ಜೊತೆಗೆ ಹೋಯ್ತು. ಫಿಲಾಕ್ಸೆರಾ ಅಂತ. 1860ರ ಹೊತ್ತಿಂದ ಫ್ರಾನ್ಸು, ಆಮೇಲೆ ಇಟಲಿ, ಎಲ್ಲಾ ಕಡೆ ತೋಟಕ್ಕೆ ತೋಟವೇ ಒಣಗಿತು. ರೋಗ ತಡೆಯೋ ಇಸಬೆಲ್ಲದಂಥ ಬಳ್ಳಿ ಬಡವರ ಹಿತ್ತಲಿಗೆ ಬಂದು ನಿಂತಿದ್ದು ಆ ಕಾಲದಲ್ಲೇ. ಔಷಧಿ ಬೇಡ, ಆರೈಕೆ ಬೇಡ, ಹಣ್ಣು ಕೊಡುತ್ತೆ. ಆದ್ರೆ ವಾಸನೆ ಜೋರು. ಮಕ್ಕಳ ಗ್ರೇಪ್ ಬಬಲ್‌ಗಮ್ ವಾಸನೆ ಇದೆಯಲ್ಲ, ಅದು ಈ ಜಾತಿ ಹಣ್ಣಿನದ್ದೇ. ದೊಡ್ಡ ವೈನ್ ಮಾಡೋರು ಮೂಗು ಮುರಿದ್ರು. 1930ರ ದಶಕದಲ್ಲಿ ಫ್ರಾನ್ಸು, ಇಟಲಿ ಎರಡೂ ಕಾನೂನು ಮಾಡಿ ಈ ಹಣ್ಣಿನ ವೈನನ್ನ ಮಾರ್ಕೆಟ್ಟಿಂದ ಹೊರಗೆ ಹಾಕಿದ್ವು. ಮನೆ ಮಟ್ಟಿಗೆ ಮಾಡ್ಕೊಂಡು ಕುಡೀರಿ, ವೈನ್ ಅಂತ ಮಾರಬೇಡಿ ಅಂತ. ಈಗಲೂ ಯೂರೋಪಲ್ಲಿ ಅದೇ ಕಟ್ಟು. ಹೀಗಾಗಿ ಇಟಲಿ ಅಂಗಡೀಲಿ ಫ್ರಾಗೊಲೀನೊ ಅಂತ ಸಿಗೋದು ಹೆಚ್ಚಿನಂಶ ಬೇರೆ ವೈನಿಗೆ ಸ್ಟ್ರಾಬೆರಿ ವಾಸನೆ ಕೂಡಿಸಿದ್ದು. ಯಾರಾದ್ರೂ ಪ್ರವಾಸ ಹೋದ್ರೆ ಅದನ್ನ ಹೊತ್ಕೊಂಡು ಬರಬೇಡಿ.

ಇದೇ ಹಣ್ಣು ನಮ್ಮ ಕಡೆ ಬಂದು ನೂರು ವರ್ಷದ ಮೇಲಾಯ್ತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಕೆಂಪುಮಣ್ಣು ಹಿಡಿಸ್ತು, ವರ್ಷಕ್ಕೆ ಎರಡು ಬೆಳೆ ಕೊಡೋಕೆ ಶುರುಮಾಡ್ತು. ನಮ್ಮಪ್ಪ ಒಂದೂಕಾಲು ಎಕರೆಗೆ ಕಲ್ಲುಕಂಬ ನೆಟ್ಟು ತಂತಿ ಎಳೆದು ಚಪ್ಪರ ಹಾಕ್ಸಿದ್ರು. ನೋಡೋಕೆ ನೆರಳು, ಒಳಗೆ ಬೆನ್ನು ಬಗ್ಗಿಸೇ ಇರೋ ಕೆಲಸ. ಬೆಳಗ್ಗೆ ಆರಕ್ಕೆ ಇಬ್ಬನಿ ಆರೋ ಮುಂಚೆ ಗೊಂಚಲು ಕೊಯ್ಯೋದು, ಕೊಳೆತ ಕಾಳು ಕತ್ತರೀಲಿ ತೆಗೆಯೋದು, ಕುಕ್ಕೆಗೆ ಜೋಡಿಸೋದು ಎಲ್ಲಾ ಹೆಂಗಸರೇ. ಮೈಲುತುತ್ತ, ಸುಣ್ಣ ಕಲಸಿ ಹೊಡೀತಿದ್ರು, ಅಮ್ಮನ ಸೆರಗಿನ ತುದಿ ಯಾವಾಗಲೂ ನೀಲಿ. ಬೋರ್ಡೋ ದ್ರಾವಣ ಅಂತ ಅದರ ಹೆಸರು. ಬೋರ್ಡೋ ಅನ್ನೋದು ಫ್ರಾನ್ಸಿನ ವೈನ್ ಸೀಮೆ, 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿ ತೋಟಕ್ಕೇ ಕಂಡುಹಿಡಿದ ಔಷಧಿ ಅದು ಅಂತ ನನಗೆ ಗೊತ್ತಾಗಿದ್ದು ಈ ವಾರ. ಅಮ್ಮ ಆ ಹೆಸರನ್ನ "ಬೋಡು ನೀರು" ಅಂತಿದ್ದಳು.

ಹಣ್ಣು ಹೋಗ್ತಿದ್ದದ್ದು ಮೂರು ಕಡೆ. ಒಳ್ಳೇದು ಸಿಟಿಗೆ. ನಾವೆಲ್ಲ ತರಕಾರಿಗೆ ಹೋಗೋ ಹಾಪ್‌ಕಾಮ್ಸ್ ಮಳಿಗೆ ಇದೆಯಲ್ಲ, ಅದು ಹುಟ್ಟಿದ್ದೇ ದ್ರಾಕ್ಷಿಗೋಸ್ಕರ. 1959ರಲ್ಲಿ ಲಾಲ್‌ಬಾಗಿನ ಮರಿಗೌಡರ ಮುಂದಾಳತ್ವದಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಅಂತ ಶುರುವಾಗಿ, ಆಮೇಲೆ ಬೇರೆ ಹಣ್ಣು ತರಕಾರಿ ಸೇರ್ಕೊಂಡು, 1980ರ ದಶಕದಲ್ಲಿ ಈಗಿನ ಹೆಸರಾಯ್ತು. ಎರಡನೇ ದರ್ಜೆಯದು ಜ್ಯೂಸು, ಜಾಮಿಗೆ. ಮಳೆಗೆ ಸಿಕ್ಕಿ ಒಡೆದಿದ್ದು ವೈನ್ ಫ್ಯಾಕ್ಟರಿಗೆ. ಅದಕ್ಕೆ ದಲ್ಲಾಳಿ ಹೇಳಿದ್ದೇ ರೇಟು. "ವೈನಿಗೆ ಹೋಯ್ತು" ಅಂದ್ರೆ ನಮ್ಮನೇಲಿ ಬೆಳೆ ಹಾಳಾಯ್ತು ಅಂತಲೇ ಅರ್ಥ ಇತ್ತು. ಅದೂ ಕೂಡ ಅಮ್ಮನ ಸಿಟ್ಟಿಗೆ ಒಂದು ಕಾರಣ ಇರಬೇಕು, ನನಗೆ ಈಗ ಹೊಳೀತಿದೆ.

1988ರಲ್ಲಿ ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಕಡೆ, ಕನ್ವಲ್ ಗ್ರೋವರ್ ಅನ್ನೋರು ಫ್ರಾನ್ಸಿನ ಜಾರ್ಜ್ ವೆಸ್ಸೆಲ್ ಅನ್ನೋ ವೈನ್ ಪಂಡಿತರನ್ನ ಕರ್ಕೊಂಡು ಬಂದು ತೋಟ ಹಾಕಿದ್ರು. ಮಣ್ಣು ನಮ್ಮದೇ, ಹವೆ ನಮ್ಮದೇ, ಬಳ್ಳಿ ಮಾತ್ರ ಫ್ರಾನ್ಸಿನದು. ಕ್ಯಾಬರ್ನೆ, ಶಿರಾಜ್ ಇತ್ಯಾದಿ. ಬೆಂಗಳೂರ್ ಬ್ಲೂ ಒಳ್ಳೇ ಟೇಬಲ್ ವೈನಿಗೆ ಆಗಲ್ಲ ಅನ್ನೋದು ಅವರ ಲೆಕ್ಕ. ನಾಲಿಗೆ ಲೆಕ್ಕ ಹಿಡಿದ್ರೆ ತಪ್ಪೂ ಅಲ್ಲ ಬಿಡಿ. ನಾನು ಗೆಳತಿ ಮನೆ ಜಾಡಿ ವೈನೂ ಒಂದು ಚಮಚ ಬಾಯಿಗಿಟ್ಟಿದ್ದೀನಿ, ಇಟಲಿಯದ್ದೂ ಇಟ್ಟಿದ್ದೀನಿ. ಜಾಡಿಯದು ಪಾನಕ, ಬಾಟ್ಲಿಯದು ಕಷಾಯ.

2007 ಅನ್ನೋ ವರ್ಷ ಮಾತ್ರ ನಾವು ಹೆಂಗಸರು ನೆನಪಿಟ್ಕೋಬೇಕು. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಊರೂರಲ್ಲಿ ಹೆಂಗಸರು ಅಂಗಡಿ ಮುಂದೆ ಕೂತು ಜಗಳಾಡಿದ್ದು ಎಷ್ಟು ವರ್ಷ! ಚಿಕ್ಕಪ್ಪ ಅಷ್ಟೊತ್ತಿಗೆ ಹೋಗಿಯಾಗಿತ್ತು. ಆದ್ರೂ ಅಮ್ಮ ಆವತ್ತು ಪಾಯಸ ಮಾಡಿದ್ದಳು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಅಂತ ತಂತು, ವೈನ್ ಮಂಡಳಿ ಮಾಡ್ತು. ವೈನನ್ನ ಹೆಂಡದ ಸಾಲಲ್ಲಿ ನೋಡಬೇಡಿ, ರೈತರ ಹಣ್ಣಿಗೆ ದಾರಿ ಅಂತ ನೋಡಿ ಅಂತ. ಒಂದೇ ವರ್ಷದಲ್ಲಿ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆಗೆದ್ರು. ಸಾರಾಯಿ ನಿಂತ ಮೇಲೆ ಕುಡಿಯೋರು ಬ್ರಾಂದಿ ಅಂಗಡಿಗೆ ಹೋದ್ರು, ಅದೂ ನಿಮಗೆ ಗೊತ್ತಿರೋದೇ. ಆದ್ರೆ ವೈನ್ ಕುಡಿದು ತಾಳಿ ಅಡ ಇಟ್ಟವರನ್ನ ನಾನಂತೂ ನಮ್ಮ ಕಡೆ ಕಂಡಿಲ್ಲ. ರೇಟು ನೋಡಿದ್ರೇ ಅಮಲಿಳಿಯುತ್ತೆ.

ಇನ್ನು ಜಮೀನಿನ ಮಾತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯ್ತು. ಅಪ್ಪ ತೀರ್ಕೊಂಡ ಮೇಲೆ ಅಣ್ಣ ಮುಕ್ಕಾಲು ಎಕರೆ ಲೇಔಟಿನವರಿಗೆ ಕೊಟ್ಟ. ಬೈಯೋಕೆ ನನಗೇನು ಹಕ್ಕು, ಪಾಲು ನಾನೂ ತಗೊಂಡೆ, ಪೀಣ್ಯದ ಈ ಮನೆ ಮೇಲಿನ ಮಹಡಿ ಅದರದ್ದೇ. 2013ರಲ್ಲಿ ಬೆಂಗಳೂರ್ ಬ್ಲೂಗೆ ಜಿಐ ಸಿಕ್ತು. ಈ ಹೆಸರು ಈ ಸೀಮೆಯದ್ದೇ ಅಂತ ಕಾಗದ ಬರೋ ಹೊತ್ತಿಗೆ ಸೀಮೆಯೇ ಸೈಟಾಗ್ತಿತ್ತು. ನಮ್ಮ ಪಕ್ಕದ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1,777 ಎಕರೆ ಬಿಡಲ್ಲ ಅಂತ ಮೂರು ವರ್ಷದ ಮೇಲೆ ಧರಣಿ ಕೂತಿದ್ದು ಟಿವೀಲಿ ನೋಡಿದ್ರಿ. 2025ರ ಜುಲೈಯಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಧರಣಿ ಸಾಲಲ್ಲಿ ಮುಂದೆ ಕೂತಿದ್ದೋರಲ್ಲಿ ಎಷ್ಟು ಜನ ಹೆಂಗಸರಿದ್ರು ನೋಡಿದ್ರಲ್ಲ. ಅಂಥ ಕೈಗಳೇ ಈ ಸೀಮೇಲಿ ದ್ರಾಕ್ಷಿ ಕೊಯ್ದಿರೋದು.

ಇಷ್ಟೆಲ್ಲ ಓದಿದ ಮೇಲೆ ಒಂದು ರಾತ್ರಿ ಅಮ್ಮನಿಗೆ ಇಸಬೆಲ್ಲಳ ಕತೆ ಹೇಳಿದೆ. ಕಾಲು ನೀಡ್ಕೊಂಡು ಕೇಳಿದಳು. "ಆ ಯಮ್ಮ ಒಂದು ಬಳ್ಳಿ ಬೆಳೆಸಿದ್ದಕ್ಕೆ ಅವಳ ಹೆಸರಿಟ್ಟವ್ರೆ. ನಾನು ಒಂದೂಕಾಲು ಎಕರೆ ನಲವತ್ತು ವರ್ಷ ಬೆಳೆಸಿದ್ದೀನಿ, ಪಹಣೀಲೂ ನನ್ನ ಹೆಸರು ಇಲ್ವಲ್ಲೇ" ಅಂದಳು. ನಾನೇನು ಹೇಳಲಿ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು, "ಆ ಹುಡುಗನ ಅಜ್ಜಿ ಅದನ್ನ ಕುಡೀತಿದ್ದಳಾ, ಬರೀ ಮಾಡ್ತಿದ್ದಳಾ?" ಮಗಳು ಅವನಿಗೆ ಮೆಸೇಜ್ ಹಾಕಿ ಕೇಳಿದಳು. ದಿನಾ ಮಧ್ಯಾಹ್ನ ಊಟಕ್ಕೆ ಒಂದು ಸಣ್ಣ ಲೋಟ ಅಂತ ಉತ್ತರ ಬಂತು. ಅಮ್ಮ "ಹೂಂ" ಅಂದು ದೀಪ ಆರಿಸು ಅಂದಳು.

ಇಟಲಿ ಬಾಟ್ಲೀಲಿ ಅರ್ಧ ಉಳಿದಿತ್ತು. ಮೂರನೇ ದಿನಕ್ಕೆ ಟೊಮೇಟೊ ಗೊಜ್ಜಿಗೆ ಒಂದು ಸೌಟು ಹಾಕಿ ಕುದಿಸಿದೆ, ಚೆನ್ನಾಗಿತ್ತು. ಉಳಿದಿದ್ದನ್ನ ಗೆಳತಿ ತಗೊಂಡು ಹೋದಳು. ಮುಂದಿನ ಸಲ ಯಾರಾದ್ರೂ ಬಂದ್ರೆ ಹಂಪಿಯದ್ದೇ ತರೋದು ಅಂತ ಮಗಳೂ ಒಪ್ಪಿದ್ದಾಳೆ. ಅಣ್ಣನ ಹತ್ರ ಇನ್ನೂ ಅರ್ಧ ಎಕರೆ ಚಪ್ಪರ ಇದೆ, ಎರಡನೇ ಬೆಳೆಗೆ ಕಟಿಂಗ್ ಮಾಡಿದ್ದಾನೆ. ದಲ್ಲಾಳಿಗೆ ಕೊಡೋ ಮುಂಚೆ ನಾವು ಕೇಳಿದ್ರೆ ಬಾಕ್ಸ್ ಕಟ್ಟಿ ಕಳಿಸ್ತಾನೆ. ಬೇಕಾದವರು ಎಷ್ಟು ಕೆಜಿ ಅಂತ ನನಗೆ ಹೇಳಿ. ಮಕ್ಕಳಿಗೆ ಬೀಜ ಇರೋ ಹಣ್ಣು ಅಂತ ಮೊದಲೇ ಹೇಳಿಬಿಡಿ, ಆಮೇಲೆ ನನ್ನನ್ನ ಅನ್ನಬೇಡಿ.